ಐದಾಟದ ಮಳೆ

ಮಳೆಯನ್ನು ಎಲ್ಲರೂ ಮಿಲಿಮೀಟರಿನಲ್ಲಿ ಅಳೆದರೆ ಜೆಸಿಂತಾ ಆಂಟಿ ಆಟದಲ್ಲಿ ಅಳೆಯುತ್ತಿದ್ದರು. ಹೊರಗೆ ನಾಲ್ಕು ಹನಿ ಬಿದ್ದ ಸದ್ದಾದರೆ ಸಾಕು, ಹಿಂಬಾಗಿಲಿನ ಜಾಲರಿ ಸರಿಸಿ, ಬಲಗೈಯನ್ನು ಮೊಣಕೈವರೆಗೆ ಹೊರಗೆ ಚಾಚಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಬೆನ್ನ ಹಿಂದೆ ನಾಲ್ಕೈದು ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿದ್ದವು. ಆಮೇಲೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ತೀರ್ಪು ಕೊಡುತ್ತಿದ್ದರು: "ಎರಡಾಟದ ಮಳೆ. ಅಷ್ಟರಲ್ಲಿ ಬಿಡ್ತದೆ." ಇಲ್ಲವೇ, "ಸಾಯ್ಬಾ ಭೊಗೊಸ್! ಇವತ್ತು ಐದಾಟದ್ದು. ಸಂಜೆವರೆಗೆ ಇದಕ್ಕೆ ಬೇರೆ ಕೆಲಸ ಇಲ್ಲ." ಸಾಯ್ಬಾ ಭೊಗೊಸ್ ಎಂದರೆ ಅವರ ಕೊಂಕಣಿಯಲ್ಲಿ 'ದೇವರೇ, ಕ್ಷಮಿಸು'. ಐದಕ್ಕಿಂತ ದೊಡ್ಡ ಮಳೆ ಅವರ ಲೆಕ್ಕದಲ್ಲಿ ಇರಲಿಲ್ಲ. ಫೋನಿನಲ್ಲಿ ಬರುವ ಹವಾಮಾನ ತಪ್ಪಬಹುದು, ಆಂಟಿ ಮಾತ್ರ ತಪ್ಪುತ್ತಿರಲಿಲ್ಲ ಎಂದು ನನ್ನ ಮಗಳು ಇಂಚರ ಇಂದಿಗೂ ವಾದ ಮಾಡುತ್ತಾಳೆ. ತಪ್ಪುತ್ತಿದ್ದರು. ಆದರೆ ಮಳೆ ನಿಂತ ಮೇಲೂ ಆಟ ಬಿಟ್ಟು ಯಾವ ಮಗುವೂ ಏಳುತ್ತಿರಲಿಲ್ಲವಾದ್ದರಿಂದ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಮಗ ರೋಶನ್ ಕೊಂಡ ಮನೆಯ ಕೆಳಗಿನ ಭಾಗವನ್ನು ತಾಯಿಗೆ ಬಿಟ್ಟುಕೊಟ್ಟಿದ್ದ. ಮಂಗಳೂರಿನಲ್ಲಿ ಇಪ್ಪತ್ತು ವರ್ಷ ನರ್ಸರಿ ಶಾಲೆಯಲ್ಲಿ ಕೆಲಸ ಮಾಡಿದ್ದ ಆಂಟಿಗೆ ಇಲ್ಲಿಗೆ ಬಂದ ಮೇಲೆ ಕೈ ಕಟ್ಟಿ ಕೂರುವುದು ಆಗಲಿಲ್ಲ. ಐವತ್ತೈದು ದಾಟಿದ ಮೇಲೆ ಕೋರ್ಸ್ ಮಾಡಿ, ಪರೀಕ್ಷೆ ಬರೆದು, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಲೈಸೆನ್ಸ್ ತೆಗೆದುಕೊಂಡಿದ್ದರು. ಅದಕ್ಕೆ ಕಟ್ಟು ಹಾಕಿಸಿ, ಹಾಲ್‌ನಲ್ಲಿ ಬಾಲ ಯೇಸುವಿನ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಧೂಳು ಒರೆಸುವಾಗ ಎರಡನ್ನೂ ಒಂದೇ ಬಟ್ಟೆಯಲ್ಲಿ, ಒಂದೇ ಭಕ್ತಿಯಲ್ಲಿ ಒರೆಸುತ್ತಿದ್ದರು.

ನಾನು ಚಳ್ಳಕೆರೆಯವಳು. ಮಳೆ ಬಂದರೆ ಮನೆಯೊಳಗಿಂದ ಹೊರಗೆ ಓಡುವ ಜನ ನಾವು. ಮಳೆಯ ದಿನ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಹೇಗೆಂದು ನಮ್ಮ ಕಡೆ ಯಾರೂ ಯಾರಿಗೂ ಕಲಿಸಿಲ್ಲ, ಕಲಿಸುವ ಸಂದರ್ಭವೇ ಬಂದಿಲ್ಲ. ಇಂಚರ ಒಂದನೇ ಕ್ಲಾಸಿಗೆ ಸೇರಿದ ವರ್ಷ ಸಿಡ್ನಿಯಲ್ಲಿ ಸುರಿದದ್ದು ಮಳೆಯೋ, ಆಕಾಶ ತೂತಾದದ್ದೋ! ವಾರಗಟ್ಟಲೆ ಪಾರ್ಕಿಗೆ ಬೀಗ, ಟ್ರ್ಯಾಂಪೊಲಿನ್ ಮೇಲೆ ನೀರು. ನಾನು ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿ, ಇವಳು ಸೋಫಾದ ಮೇಲಿಂದ ನೆಲಕ್ಕೆ, ನೆಲದಿಂದ ನನ್ನ ತಲೆಯ ಮೇಲೆ. ಟ್ಯಾಬ್ಲೆಟ್ ಕೊಟ್ಟರೆ ಶಾಂತಿ, ಕಸಿದರೆ ಕುರುಕ್ಷೇತ್ರ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆಂಟಿಯ ಮನೆ ಗೊತ್ತಾದ ದಿನ ನಾನು ದೇವರಿಗೆ ಕೈ ಮುಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಮೊದಲ ದಿನವೇ ಆಂಟಿ ಇಂಚರಳ ಕೈಯಿಂದ ಟ್ಯಾಬ್ಲೆಟ್ ತೆಗೆದುಕೊಂಡು ಅದರ ಹಣೆ ಮುಟ್ಟಿ ನೋಡಿದರು. "ಅಯ್ಯೋ ಬಾಯೆ, ಇದಕ್ಕೆ ಜ್ವರ ಉಂಟಲ್ಲ! ಎಷ್ಟು ದುಡಿಸಿದ್ದೀ ಇದನ್ನು? ಪಾಪ, ಮಲಗಲಿ." ಬಾಗಿಲ ಬಳಿ ಒಂದು ಬೆತ್ತದ ಬುಟ್ಟಿ. ಅದರೊಳಗೆ ಟವೆಲ್ ಹೊದ್ದು ಇನ್ನೂ ಮೂರು ಟ್ಯಾಬ್ಲೆಟ್‌ಗಳು ಆಗಲೇ ಮಲಗಿದ್ದವು. ಇಂಚರ ತಾನೇ ಟವೆಲ್ ಸರಿಸಿ, ತನ್ನದನ್ನೂ ಮಲಗಿಸಿ, ಪಿಸುಮಾತಿನಲ್ಲಿ "ಗುಡ್ ನೈಟ್" ಹೇಳಿದಳು. ಮನೆಯಲ್ಲಿ ಇದೇ ಕೆಲಸಕ್ಕೆ ನಾನು ಗಂಟಲು ಹರಿದುಕೊಳ್ಳುತ್ತಿದ್ದೆ.

ಆಂಟಿಯ ಆಟಗಳಿಗೆ ಅಂಗಡಿಯ ಸಾಮಾನು ಬೇಕಿರಲಿಲ್ಲ. ಆಟಿ ಎನ್ನುವ ಆಷಾಢದ ಜಡಿಮಳೆಯಲ್ಲಿ ಅವರ ಊರಿನ ಕಡೆ ಮನೆಯೊಳಗೆ ಕೂತು ಚೆನ್ನೆಮಣೆ ಆಡುತ್ತಾರಂತೆ. ಗುಳಿಗಳಿರುವ ಮರದ ಮಣೆ, ಗುಳಿಯಿಂದ ಗುಳಿಗೆ ಕಾಳು ಹಂಚುತ್ತಾ ಹೋಗುವ ಆಟ. ಇಲ್ಲಿ ಮಣೆ ಎಲ್ಲಿಂದ ತರುವುದು? ಆಂಟಿ ಡಜನ್ ಮೊಟ್ಟೆಯ ರಟ್ಟಿನ ಡಬ್ಬ ಬಿಡಿಸಿಟ್ಟರು. "ಮಣೆಯಲ್ಲಿ ಏಳೇಳು ಗುಳಿ ಬೇಕು ಮಾರಾಯ್ತಿ. ಇಲ್ಲಿಯ ಕೋಳಿ ಆರಾರೇ ಇಡುದು. ಎಂತ ಮಾಡುದು, ದೇಶ ನೋಡಿ ವೇಷ" ಎಂದು ಎರಡು ತುದಿಗೆ ಒಂದೊಂದು ಕೇಕಿನ ಕಾಗದದ ಬಟ್ಟಲು ಅಂಟಿಸಿ ಲೆಕ್ಕ ಸರಿ ಮಾಡಿದರು. ಕಾಳಿಗೆ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ತಂದ ಅಲಸಂದೆ. ಇಂಚರ ಕೂಡುವುದು ಕಲಿತದ್ದು ಸ್ಕೂಲಿನಲ್ಲಲ್ಲ, ಆ ಮೊಟ್ಟೆಯ ಡಬ್ಬದಲ್ಲಿ.

ಒಂದು ಸಂಜೆ ಗುಡುಗು, ಮಿಂಚು, ಆಲಿಕಲ್ಲು. ಕರೆಂಟು ಹೋಗಿತ್ತು. ಇಂಚರಳಿಗೆ ಗುಡುಗೆಂದರೆ ಪ್ರಾಣಭಯ. ಆಫೀಸಿನಿಂದ ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಅವಳು ಅಳುತ್ತಿರುವುದೇ ನನ್ನ ಕಿವಿಯಲ್ಲಿ. ಬಾಗಿಲು ತೆರೆದರೆ ಒಳಗೆ ಸೀಟಿಯ ಸದ್ದು. ಊಟದ ಕುರ್ಚಿಗಳನ್ನೆಲ್ಲ ಎರಡು ಸಾಲು ಮಾಡಿ, ಮೇಲೆ ಬೆಡ್‌ಶೀಟ್ ಕಟ್ಟಿ, ಪಕ್ಕಕ್ಕೆಲ್ಲ ಟವೆಲ್ ಇಳಿಬಿಟ್ಟಿದ್ದರು. ಮಳೆಗೆ ಬಸ್ಸಿನ ಟರ್ಪಾಲು ಇಳಿಸಿದ್ದು ಅದು. ಆಂಟಿಯ ತಂದೆ ಮಂಗಳೂರಿನಲ್ಲಿ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು, ಬಸ್ಸಿನ ಒಂದು ಸೂಕ್ಷ್ಮವನ್ನೂ ಮಗಳು ಮರೆತಿರಲಿಲ್ಲ. ಇಂಚರ ಕಂಡಕ್ಟರ್. ಕೊರಳಲ್ಲಿ ನನ್ನದೇ ಹಳೆಯ ಹ್ಯಾಂಡ್‌ಬ್ಯಾಗು.

"ಟಿಕೆಟ್, ಟಿಕೆಟ್!" ಎಂದಳು ನನ್ನನ್ನು ನೋಡಿ, ಗುರುತೇ ಇಲ್ಲದವಳ ಹಾಗೆ.

"ಬಾ ಇಂಚು, ಮನೆಗೆ ಹೋಗೋಣ. ಲೇಟಾಯ್ತು."

"ಅಮ್ಮಾ, ಯು ಕಾಂಟ್ ಜಸ್ಟ್ ಗೆಟ್ ಆಫ್! ಸ್ಟಾಪ್ ಬರ್ಬೇಕು!"

"ಹತ್ತಿ, ಹತ್ತಿ, ಹಿಂದೆ ಸೀಟುಂಟು" ಎಂದರು ಡ್ರೈವರ್ ಸೀಟಿನಲ್ಲಿದ್ದ ಆಂಟಿ, ಸ್ಟೀಲ್ ತಟ್ಟೆಯ ಸ್ಟಿಯರಿಂಗ್ ತಿರುಗಿಸುತ್ತಾ. "ನಿಮ್ಮದೆಂತ ಅವಸರ? ನಡುದಾರಿಯಲ್ಲಿ ಇಳಿಸಿದರೆ ನನ್ನ ಲೈಸೆನ್ಸ್ ಹೋಗ್ತದೆ."

ಆಫೀಸಿನ ಬಟ್ಟೆಯಲ್ಲೇ ಬಗ್ಗಿ ಒಳಗೆ ನುಗ್ಗಿ, ಮಂಡಿ ಮಡಚಿ ಕೂತೆ. ಹಂಪನಕಟ್ಟೆ ಬಂತು, ಕಂಕನಾಡಿ ಬಂತು, ಅದರ ಮುಂದಿನ ಸ್ಟಾಪೇ ಪೆಂಡಲ್ ಹಿಲ್! ಮೇಲೆ ಆಕಾಶ ಗುಡುಗಿದಾಗಲೆಲ್ಲ ಇಂಚರ ಬಸ್ಸಿನ ಬದಿಯನ್ನು ದಬದಬ ಬಡಿದು ಅದಕ್ಕಿಂತ ಜೋರಾಗಿ ಕೂಗುತ್ತಿದ್ದಳು: "ರೈಟ್, ಪೋಯಿ!" ಮಂಗಳೂರಿನ ಕಂಡಕ್ಟರು ಬಸ್ಸು ಬಿಡುವಾಗ ಹಾಗೇ ಕೂಗುವುದಂತೆ. ನಮ್ಮ ಪಕ್ಕದ ರೌಸ್ ಹಿಲ್ ಬಂದ ಮೇಲೆಯೇ ನಮ್ಮನ್ನು ಇಳಿಸಿದರು. ಅವತ್ತಿನಿಂದ ನನ್ನ ಮಗಳಿಗೆ ಗುಡುಗಿನ ಭಯ ಹೋಯಿತು.

ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆನ್ನಾಗಿರುತ್ತಿತ್ತು! ಓದಿದವರು ಆಂಟಿಯನ್ನೂ ಮೆಚ್ಚುತ್ತಿದ್ದರು, ಅವರನ್ನು ನೆನೆಯುವ ನನ್ನನ್ನೂ ಒಳ್ಳೆಯವಳು ಎನ್ನುತ್ತಿದ್ದರು. ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ. ಆ ಬಸ್ಸನ್ನು ನಿಲ್ಲಿಸಿದವಳು ನಾನು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಡಿಸೆಂಬರ್. ಕ್ರಿಸ್‌ಮಸ್‌ಗೆ ಇನ್ನೊಂದು ವಾರ. ಮತ್ತೆ ಐದಾಟದ ಮಳೆ. ಮಧ್ಯಾಹ್ನದ ಮೀಟಿಂಗ್ ಕ್ಯಾನ್ಸಲ್ ಆಗಿ ಎರಡು ಗಂಟೆ ಮೊದಲೇ ಆಂಟಿಯ ಮನೆಗೆ ಹೋದೆ. ಬಾಗಿಲಲ್ಲಿ ನಿಂತವಳು ಹಾಗೇ ನಿಂತೆ. ಉದ್ದದ ಮೇಜಿಗೆ ಪ್ಲಾಸ್ಟಿಕ್ ಹಾಸಿತ್ತು. ಎರಡೂ ಬದಿಗೆ ಐದು ಮಕ್ಕಳು ಸಾಲಾಗಿ ಕೂತಿದ್ದವು, ತಲೆಗೆ ಬಟ್ಟೆ, ಎದೆಗೆ ಏಪ್ರನ್, ಕೈಯಲ್ಲಿ ಒಂದೊಂದು ಫೋರ್ಕ್. ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿ ತೆಗೆಯುತ್ತಿದ್ದವು. ಕುಲ್‌ಕುಲ್, ಕರಿದು ಸಕ್ಕರೆ ಪಾಕ ಹಾಕುವ ಸಿಹಿ. ಮೇಜಿನ ತುಂಬ ನೂರಾರು. ಗೋಡೆಯ ಬಳಿ ಖಾಲಿ ಸ್ವೀಟ್ ಬಾಕ್ಸುಗಳ ರಾಶಿ.

"ಬೇಗ ಬೇಗ ಮಕ್ಕಳೇ, ಇನ್ನೂ ಎರಡು ಕಿಲೋ ಉಂಟು!" ಎನ್ನುತ್ತಿದ್ದರು ಆಂಟಿ ಒಳಗಿನಿಂದ.

ಇಂಚರ ತಲೆಯೆತ್ತಲಿಲ್ಲ. ನಾಲಿಗೆಯ ತುದಿ ತುಟಿಯಿಂದ ಹೊರಗೆ. ಮುದ್ದಾಗಿ ಕಂಡಿತೆಂದು ಫೋನ್ ತೆಗೆದು ಒಂದು ಫೋಟೋ ಹೊಡೆದೆ. ಆ ಕ್ಷಣದವರೆಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. "ಇಂಚು, ನಡಿ" ಎಂದೆ.

"ನಾಟ್ ಯೆಟ್ ಅಮ್ಮಾ! ಐ ಹ್ಯಾವ್ ಟು ಫಿನಿಶ್ ಮೈ ಟ್ರೇ."

ಫಿನಿಶ್ ಮಾಡಬೇಕಂತೆ. ಆ ಮಾತು ನನ್ನ ತಲೆಯಲ್ಲಿ ಕುಟುಕಿತು. ಎರಡು ದಿನದ ಹಿಂದೆ ಪೆಂಡಲ್ ಹಿಲ್‌ನ ಒಂದು ಅಂಗಡಿಯಲ್ಲಿ 'ಮಂಗಳೂರು ಕುಸ್ವಾರ್, ಮನೆಯಲ್ಲೇ ಮಾಡಿದ್ದು' ಎಂಬ ಚೀಟಿ ಹಚ್ಚಿದ ಬಾಕ್ಸುಗಳನ್ನು ನೋಡಿದ್ದೆ. ಬಾಕ್ಸೂ ಇಂಥದ್ದೇ, ಬಿಳಿಯದು. ಕುಸ್ವಾರ್ ಎಂದರೆ ಕ್ರಿಸ್‌ಮಸ್ಸಿನ ತಿಂಡಿಗಳು ಎಂದು ನನಗೆ ಗೊತ್ತಿತ್ತು. ಬೆಂಗಳೂರಿನಲ್ಲಿದ್ದಾಗ ಬೇಕರಿಯಿಂದ ಪ್ರತಿ ವರ್ಷ ತರುತ್ತಿದ್ದೆ. ಬೇಕರಿಯಲ್ಲಿ ಮಾತ್ರ ನೋಡಿದ್ದರಿಂದ ಅದು ಮಾರುವ ವಸ್ತು ಎಂಬುದಷ್ಟೇ ನನ್ನ ಜ್ಞಾನ. ಎರಡಕ್ಕೆ ಎರಡು ಕೂಡಿಸಿ ಐದು ಮಾಡಿದೆ.

ಒಂದು ಮಾತು ಕೇಳಬಹುದಿತ್ತು. "ಇಷ್ಟೊಂದು ಯಾರಿಗೆ ಆಂಟಿ?" ಎಂದಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ನಗುನಗುತ್ತಾ "ಬರ್ತೀವಿ ಆಂಟಿ" ಎಂದು ಮಗಳನ್ನು ಎಳೆದುಕೊಂಡು ಬಂದು, ಕಾರಿನಲ್ಲಿ ಕೂತು, ವೈಪರ್ ಕೂಡ ಹಾಕದೆ, ನಮ್ಮ 'ಪಾಂಡ್ಸ್ ಅಮ್ಮಂದಿರು' ವಾಟ್ಸ್‌ಆ್ಯಪ್ ಗ್ರೂಪಿಗೆ ಬರೆದೆ: "ಜೆಸಿಂತಾ ಆಂಟಿ ಮನೇಲಿ ಇವತ್ತು ನೋಡ್ದೆ. ಮಕ್ಕಳನ್ನ ಸಾಲಾಗಿ ಕೂರ್ಸಿ ಕೆಜಿಗಟ್ಲೆ ಸ್ವೀಟ್ಸ್ ಮಾಡಿಸ್ತಿದಾರೆ. ನೋಡ್ಕೊಳ್ಳೋಕೆ ಫೀಸ್ ನಾವು ಕೊಡೋದು, ಕೆಲಸ ನಮ್ಮ ಮಕ್ಕಳದ್ದು. ಇದು ಚೈಲ್ಡ್‌ಕೇರೋ ಬೇಕರೀನೋ?" ಕೊನೆಗೆ ನಗುವ ಮುಖ ಎರಡು. ಜೊತೆಗೆ ಆ ಫೋಟೋ.

ನನ್ನ ಮಾತಿಗೆ ನಾನೇ ಖುಷಿಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. ಮನೆ ತಲುಪುವಷ್ಟರಲ್ಲಿ ಫೋನು ಟಣ್ ಟಣ್ ಎನ್ನುತ್ತಿತ್ತು. "ಓ ಮೈ ಗಾಡ್", "ನನ್ನ ಮಗಾನೂ ಕೈ ನೋವು ಅಂದಿದ್ದ ಕಣೇ", "ಇದು ಸೀರಿಯಸ್, ರಿಪೋರ್ಟ್ ಮಾಡ್ಬೇಕು." ಗಂಡ ಪ್ರಸನ್ನ ಓದಿ ಕೇಳಿದ, "ಕಳ್ಸೋಕ್ ಮುಂಚೆ ಅವ್ರನ್ನ ಒಂದ್ ಮಾತ್ ಕೇಳ್ದ್ಯಾ?" "ಗಂಡಸರಿಗ್ಯಾಕೆ ಇದೆಲ್ಲ" ಎಂದು ಅವನ ಬಾಯಿ ಮುಚ್ಚಿಸಿದೆ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಆಂಟಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಿಳಿಯ ಬಾಕ್ಸು. ಹಿಂದೆ ರೋಶನ್‌ನ ಕಾರಿನಲ್ಲಿ ಇನ್ನೂ ಹತ್ತಾರು ಬಾಕ್ಸು. ಬಾಕ್ಸಿನ ಮೇಲೆ ಇಂಚರಳ ಸೊಟ್ಟ ಅಕ್ಷರಗಳಲ್ಲಿ ನಮ್ಮ ಮೂವರ ಹೆಸರು, ಪಕ್ಕದಲ್ಲಿ ಒಂದು ಬಸ್ಸಿನ ಚಿತ್ರ.

"ತಕೊಳ್ಳಿ ಶೈಲಾ. ಕುಲ್‌ಕುಲ್ ಪೂರಾ ನಿಮ್ಮ ಮಗಳೇ ಮಾಡಿದ್ದು. ಪ್ರತಿಯೊಂದು ಮಗುವಿಗೆ ಬೇರೆ ಬೇರೆ ಟ್ರೇ ಇಟ್ಟಿದ್ದೆ, ಅವರವರದ್ದು ಅವರವರ ಮನೆಗೇ ಹೋಗ್ಬೇಕಲ್ಲ. ಕರಿಯುದು, ಪಾಕ ಹಾಕುದು ಎಲ್ಲ ಮಕ್ಕಳು ಹೋದ ಮೇಲೆ ನಾನು ಮಾಡಿದ್ದು ಆಯ್ತಾ, ಹೆದರ್ಬೇಡಿ. ನಮ್ಮ ಭಾಷೆಯಲ್ಲಿ ಇದಕ್ಕೆ ಕಿಡಿಯೊ ಅಂತಾರೆ, ಅಂದ್ರೆ ಹುಳ. ಹುಳ ಮಾಡುದು ಅಂತ ಹೇಳಿದ್ದೇ ಹೇಳಿದ್ದು, ಮಕ್ಕಳು ಕುರ್ಚಿಯಿಂದ ಏಳ್ಲೇ ಇಲ್ಲ ಮಾರಾಯ್ತಿ!"

"ಇದು... ಮಾರೋದಲ್ವಾ ಆಂಟಿ?" ಎಂದೆ.

"ಮಾರುದಾ? ಸಾಯ್ಬಾ ಭೊಗೊಸ್!" ಅವರು ಕೊಡೆ ಅಲುಗುವಷ್ಟು ನಕ್ಕರು. "ಮನೆಯವರೆಲ್ಲ ಕೂತು ಮಾಡಿ ನೆರೆಕರೆಗೆ ಹಂಚುದು. ಹಿಂದೂ, ಬ್ಯಾರಿ, ಎಲ್ಲರಿಗೆ. ಊರಲ್ಲಿ ನಾವು ಏಳು ಮಕ್ಕಳು ಮೇಜಿನ ಸುತ್ತ ಕೂತು ಮಾಡ್ತಿದ್ದೆವು. ಇಲ್ಲಿ ನನಗೆ ಅಷ್ಟು ಮಕ್ಕಳು ಯಾರು ಕೊಡ್ತಾರೆ? ನೀವು ಕೊಟ್ರಿ."

ಆ ಬಾಕ್ಸು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗಿನ ಕುಲ್‌ಕುಲ್ ಒಂದೂ ನೆಟ್ಟಗಿರಲಿಲ್ಲ. ಒಂದು ದಪ್ಪ, ಒಂದು ಬಿಚ್ಚಿಕೊಂಡದ್ದು, ಒಂದರ ಮೇಲೆ ಹೆಬ್ಬೆರಳಿನ ಗುರುತು. ಮಾರುವವರು ಇಂಥದ್ದನ್ನು ಮಾಡಿಸುತ್ತಾರೆಯೇ? ಅವತ್ತು ಮೇಜಿನ ಮೇಲೆ ಇದೇ ಸೊಟ್ಟ ಸುರುಳಿಗಳನ್ನು ಕಣ್ಣಾರೆ ನೋಡಿದ್ದೆನಲ್ಲ!

ಸಂಜೆಗೆ ಗ್ರೂಪಿನಲ್ಲಿ ಫೋಟೋಗಳು ಬಂದವು. ಎಲ್ಲರ ಮನೆಗೂ ಬಾಕ್ಸು ಹೋಗಿತ್ತು. "ಯಮ್ಮಿ! ಥ್ಯಾಂಕ್ಯೂ ಜೆಸಿಂತಾ ಆಂಟಿ" ಎಂದು ಬರೆದವರಲ್ಲಿ ವಾರದ ಹಿಂದೆ "ರಿಪೋರ್ಟ್ ಮಾಡ್ಬೇಕು" ಎಂದವಳೂ ಇದ್ದಳು. ನನ್ನ ಮೆಸೇಜನ್ನು ಅಳಿಸಲು ನೋಡಿದೆ, ಕಾಲ ಮೀರಿತ್ತು. 'ತಪ್ಪು ತಿಳಿದೆ, ಕ್ಷಮಿಸಿ' ಎಂದು ಬರೆಯಲು ಕಾಲ ಮೀರಿರಲಿಲ್ಲ. ಎರಡು ಸಲ ಟೈಪ್ ಮಾಡಿದೆ, ಎರಡು ಸಲ ಅಳಿಸಿದೆ. ಜನ ಮರೆತಿದ್ದಾರೆ, ನಾನೇ ಯಾಕೆ ನೆನಪಿಸಲಿ ಎಂದುಕೊಂಡೆ.

ಜನ ಮರೆತಿರಲಿಲ್ಲ. ಜನವರಿಯಲ್ಲಿ ಆಂಟಿಯ ಫೋನ್ ಬಂತು. "ಶೈಲಾ, ಒಂದು ಉಪಕಾರ ಆಗ್ಬೇಕಿತ್ತು. ಸ್ವಲ್ಪ ಬರ್ತೀರಾ?" ಹೋದೆ. ಮನೆ ಅಚ್ಚುಕಟ್ಟಾಗಿತ್ತು. ಅಷ್ಟು ಅಚ್ಚುಕಟ್ಟಾಗಿ ಆ ಮನೆಯನ್ನು ನಾನು ನೋಡಿರಲೇ ಇಲ್ಲ. ರಜೆಯ ದಿನ, ಹೊರಗೆ ಮಳೆ, ಒಳಗೆ ಮಕ್ಕಳಿಲ್ಲ.

"ಲೈಸೆನ್ಸ್ ಆಫೀಸಿಗೆ ಯಾರೋ ಕಂಪ್ಲೇಂಟ್ ಕೊಟ್ಟಿದ್ದಾರೆ" ಎಂದರು. "ಮಕ್ಕಳನ್ನು ನಾನು ದುಡಿಸ್ತೇನಂತೆ. ಒಬ್ಬಳು ಬಂದು ಎಲ್ಲ ನೋಡಿ ಹೋದ್ಳು. ಫೋರ್ಕ್ ಎಲ್ಲಿ ಇಡ್ತೀರಿ, ಎಣ್ಣೆ ಎಲ್ಲಿ ಇಡ್ತೀರಿ, ಮಕ್ಕಳಿಗೆ ಬೇಡ ಅಂದ್ರೆ ಏಳ್ಲಿಕ್ಕೆ ಬಿಡ್ತೀರಾ ಅಂತ ಕೇಳಿದ್ಳು. ಪಾಪ, ಅವಳ ಕೆಲಸ ಅದು. ಮಕ್ಕಳ ಅಪ್ಪ ಅಮ್ಮ ಯಾರಾದ್ರೂ ಒಂದು ಪತ್ರ ಬರ್ದು ಕೊಟ್ರೆ ಒಳ್ಳೇದು ಅಂತೆ. ನಿಮ್ಮ ಇಂಗ್ಲಿಷ್ ಚಂದ ಉಂಟಲ್ಲ..."

"ಅದಕ್ಕೇನಂತೆ ಆಂಟಿ, ಬರೀತೀನಿ" ಎಂದೆ. ಲ್ಯಾಪ್‌ಟಾಪ್ ತೆರೆದೆ. ಅವರು ಚಹಾ ಮಾಡಿ ತಂದು, ಎದುರಿನ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಯಾರು ಕೊಟ್ಟದ್ದಿರ್ಬಹುದು ಶೈಲಾ? ನಿಮಗೇನಾದ್ರೂ ಗೊತ್ತುಂಟಾ?"

"ಇಲ್ವಲ್ಲ ಆಂಟಿ" ಎಂದೆ, ಕಣ್ಣು ಪರದೆಯ ಮೇಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಅಷ್ಟು ಮಾನವಿರುತ್ತದೆ. ನಾನು ಅದನ್ನೂ ಮಾಡಲಿಲ್ಲ. ಮೇಲಿಂದ, "ಈಗಿನ ಕಾಲದಲ್ಲಿ ಜನಾನ ನಂಬೋಕೇ ಆಗಲ್ಲ ನೋಡಿ" ಎಂದೂ ಸೇರಿಸಿದೆ. ಕಂಪ್ಲೇಂಟ್ ಕೊಟ್ಟದ್ದು ನಾನಲ್ಲವಲ್ಲ, ನಾನು ಬರೀ ಗ್ರೂಪಿನಲ್ಲಿ ಬರೆದದ್ದು ಎಂದು ಒಳಗೊಳಗೇ ವಕೀಲಿಕೆ ಬೇರೆ.

ಪತ್ರ ಬಹಳ ಚೆನ್ನಾಗಿ ಬಂತು. ಮಳೆಯ ದಿನ ಮಕ್ಕಳು ಇಷ್ಟು ಸಂತೋಷವಾಗಿರುವ ಮನೆಯನ್ನು ನಾನು ಬೇರೆ ನೋಡಿಲ್ಲ ಎಂದು ಬರೆದೆ. ಮೊಟ್ಟೆಯ ಡಬ್ಬದ ಚೆನ್ನೆಮಣೆ, ಗುಡುಗಿನ ದಿನದ ಬಸ್ಸು, ಮನೆಮನೆಗೆ ಹಂಚಿದ ಬಾಕ್ಸು, ಎಲ್ಲವನ್ನೂ ಬರೆದೆ. ಪತ್ರದಲ್ಲಿ ಒಂದು ಸುಳ್ಳೂ ಇರಲಿಲ್ಲ. ಕೆಳಗೆ ಸಹಿ ಹಾಕಿದ ಹೆಂಗಸೊಬ್ಬಳೇ ಸುಳ್ಳು. ಅದನ್ನು ಓದಿ ಹೇಳಿದೆ. ಆಂಟಿ ಕೇಳಿಸಿಕೊಂಡು, "ದೇವ್ ಬರೆಂ ಕರುಂ" ಎಂದರು. ದೇವರು ಒಳ್ಳೇದು ಮಾಡಲಿ ಎಂದರ್ಥ. ನಾನು ಎರಡನೇ ಕಪ್ ಚಹಾ ಕುಡಿದು ಎದ್ದು ಬಂದೆ.

ಲೈಸೆನ್ಸ್ ಉಳಿಯಿತು, ಮಕ್ಕಳು ಉಳಿಯಲಿಲ್ಲ. ಕಂಪ್ಲೇಂಟ್ ಆದ ಮನೆ ಎಂಬ ಹೆಸರು ಬಂದ ಮೇಲೆ ಯಾರು ಕಳಿಸುತ್ತಾರೆ? ಒಬ್ಬೊಬ್ಬರೇ ಬಿಡಿಸಿದರು. ಕೊನೆಗೆ ಉಳಿದವಳು ಇಂಚರ. ಆಗ ಗ್ರೂಪಿನ ಒಬ್ಬಳು ನನ್ನನ್ನು ಕೇಳಿದಳು, "ನೀನೇ ಬರೆದು ನೀನೇ ಕಳಿಸ್ತಿದೀಯಲ್ಲೇ?" ಅಷ್ಟಕ್ಕೇ ನನಗೆ ಮರ್ಯಾದೆಯ ಪ್ರಶ್ನೆಯಾಯಿತು. ಪ್ರಸನ್ನನಿಗೆ ವರ್ಕ್ ಫ್ರಮ್ ಹೋಮ್ ಆಗಿದೆ ಎಂದು ಆಂಟಿಗೆ ನೆಪ ಹೇಳಿ ನಾನೂ ಬಿಡಿಸಿದೆ. ಇಂಚರ ಮೂರು ದಿನ ಅತ್ತಳು. "ವಾಟ್ ಡಿಡ್ ಆಂಟಿ ಡು?" ಎಂದು ಕೇಳಿದಳು. ಏನೂ ಮಾಡಿಲ್ಲ, ತೆಪ್ಪಗೆ ಮಲಗು ಎಂದು ಗದರಿದೆ. ಆ ವರ್ಷ ಜುಲೈನ ಚಳಿಗಾಲದಲ್ಲಿ ಆಂಟಿ ಮೆಲ್ಬರ್ನಿಗೆ ಮಗಳ ಮನೆಗೆ ಹೋದರು ಎಂದು ರೋಶನ್‌ನಿಂದ ತಿಳಿಯಿತು. ಹೋಗುವಾಗ ಅವರು ಹೇಳಿ ಹೋಗಲಿಲ್ಲ, ನಾನೂ ಹೋಗಿ ಕಾಣಲಿಲ್ಲ.

ಎರಡು ವರ್ಷದ ಮೇಲೆ, ಅಂದರೆ ಮೊನ್ನೆ ಡಿಸೆಂಬರ್ ಮೊದಲ ವಾರ, ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಹೋಗಬೇಕಾಯಿತು. ವಿಮಾನದಲ್ಲಿ ಕೂತಾಗಲೇ ನಿಶ್ಚಯ ಮಾಡಿದ್ದೆ, ಈ ಸಲ ಹೇಳಿಬಿಡಬೇಕು. ಫೋನ್ ಮಾಡಿದೆ. "ಬನ್ನಿ ಬನ್ನಿ, ಊಟಕ್ಕೇ ಬನ್ನಿ" ಎಂದರು, ನಿನ್ನೆ ಮಾತಾಡಿ ಬಿಟ್ಟವರ ಹಾಗೆ.

ಊರ ಪಶ್ಚಿಮದ ತುದಿಯಲ್ಲಿ ಹೊಸ ಮನೆ. ಆಂಟಿ ಇಳಿದುಹೋಗಿದ್ದರು, ಕೂದಲು ಪೂರ್ತಿ ಬಿಳಿ. ಎರಡೂವರೆ ವರ್ಷದ ಮೊಮ್ಮಗ ಅವರ ಏಪ್ರನ್ ಹಿಡಿದು ನಿಂತಿದ್ದ. ನಾನು ಚಪ್ಪಲಿ ಬಿಡುವಾಗ ಬಿಸಿಲಿತ್ತು, ಸೋಫಾದಲ್ಲಿ ಕೂರುವಾಗ ಆಲಿಕಲ್ಲು. ಆಂಟಿ ಕೈ ಹೊರಗೆ ಚಾಚಲಿಲ್ಲ. "ಈ ಊರಿನಲ್ಲಿ ಆಟದ ಲೆಕ್ಕ ಸಿಕ್ಕುದಿಲ್ಲ ಮಾರಾಯ್ತಿ. ಚೆನ್ನೆಮಣೆಗೆ ಕಾಳು ಹಾಕುವಷ್ಟರಲ್ಲಿ ಬಿಸಿಲು, ತೆಗೆಯುವಷ್ಟರಲ್ಲಿ ಮಳೆ" ಎಂದರು. ಹಾಲ್‌ನ ಗೋಡೆಯಲ್ಲಿ ಬಾಲ ಯೇಸುವಿನ ಪಟ ಇತ್ತು. ಪಕ್ಕದಲ್ಲಿ ಏನೂ ಇರಲಿಲ್ಲ.

ಊಟವಾದ ಮೇಲೆ ಮೇಜಿಗೆ ಪ್ಲಾಸ್ಟಿಕ್ ಹಾಸಿ, ಹಿಟ್ಟು ತಂದಿಟ್ಟು, ಕೇಳದೆಯೇ ನನ್ನ ಕೈಗೊಂದು ಫೋರ್ಕ್ ಕೊಟ್ಟರು. ಒತ್ತಿ, ಸುತ್ತಿ, ತೆಗೆದೆ. ಬಿಚ್ಚಿಕೊಂಡಿತು. ಮತ್ತೊಂದು ಮಾಡಿದೆ, ಅದೂ ಬಿಚ್ಚಿಕೊಂಡಿತು. "ಇಂಚರ ಇದಕ್ಕಿಂತ ಚಂದ ಮಾಡ್ತಿದ್ಳು" ಎಂದು ನಕ್ಕರು. ನಾನು ಫೋರ್ಕ್ ಕೆಳಗಿಟ್ಟೆ.

"ಆಂಟಿ, ಅವತ್ತು ಆ ಫೋಟೋ ತೆಗ್ದು ಗ್ರೂಪಿಗೆ ಹಾಕಿದ್ದು ನಾನು" ಎಂದೆ. "ಕಂಪ್ಲೇಂಟ್ ಯಾರೋ ಕೊಟ್ರು, ಆದ್ರೆ ಶುರು ಮಾಡಿದ್ದು ನಾನೇ."

ಅವರ ಕೈ ನಿಲ್ಲಲಿಲ್ಲ. ಒಂದು ಕುಲ್‌ಕುಲ್ ಸುತ್ತಿ, ಅದನ್ನು ಸಾಲಿನಲ್ಲಿಟ್ಟು, "ಗೊತ್ತುಂಟು" ಎಂದರು.

"ಗೊತ್ತಾ? ಯಾವಾಗಿಂದ?"

"ಆಫೀಸಿನವಳು ಬಂದ ದಿನವೇ. ಫೋಟೋ ತೋರಿಸಿದ್ಳಲ್ಲ. ಬಾಗಿಲ ಹತ್ತಿರ ನಿಂತು ತೆಗ್ದದ್ದು. ಅವತ್ತು ಬಾಗಿಲಲ್ಲಿ ನಿಂತದ್ದು ನೀವೊಬ್ಬರೇ."

"ಮತ್ತೆ... ಪತ್ರ ನನ್ನ ಕೈಲೇ ಯಾಕೆ ಬರೆಸಿದ್ರಿ ಆಂಟಿ?"

ಆಗ ಅವರು ತಲೆಯೆತ್ತಿದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬರೆಯುವಾಗ ಹೇಳ್ಬಹುದು ಅಂತ ಎದುರೇ ಕೂತಿದ್ದೆ" ಎಂದರು. "ಒಂದು ಚಹಾ ಆಯ್ತು, ಹೇಳ್ಲಿಲ್ಲ. ಇನ್ನೊಂದು ಮಾಡಿ ಕೊಟ್ಟೆ. ಕುಡ್ದು ಹೋದ್ರಿ."

ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಸುಮ್ಮನೆ ಹೇಳುವ ಮಾತಲ್ಲ. ನಾನು ಅತ್ತೆ. ಮೊಮ್ಮಗ ಹೆದರಿ ನೋಡಿದ. ಆಂಟಿ ಟಿಶ್ಯೂ ಕೊಟ್ಟರು, ಬೆನ್ನು ಸವರಿದರು, ಆದರೆ 'ಹೋಗ್ಲಿ ಬಿಡಿ' ಎನ್ನಲಿಲ್ಲ. ನಾನು ಅದಕ್ಕಾಗಿ ಕಾಯುತ್ತಿದ್ದೆ ಎಂಬುದು ನನಗೇ ಆಗ ತಿಳಿಯಿತು.

"ಇಲ್ಲೂ ಮಕ್ಕಳನ್ನ ನೋಡ್ಕೋಬಹುದಲ್ವಾ ಆಂಟಿ? ನಿಮ್ ಥರ ಯಾರಿಗೆ ಬರುತ್ತೆ?"

"ಬೇಡ ಮಾರಾಯ್ತಿ. ಹೆದರಿಕೆ ಆಗ್ತದೆ. ಈಗ ಇವನ ಕೈಗೆ ಒಂದು ಚಮಚ ಕೊಡುವಾಗಲೂ ಒಮ್ಮೆ ಬಾಗಿಲು ನೋಡ್ತೇನೆ."

ಹೊರಡುವಾಗ, "ಕ್ಷಮಿಸ್ತೀರಾ ಆಂಟಿ?" ಎಂದು ಕೇಳಿಯೇಬಿಟ್ಟೆ. "ನನಗೆ ಹೇಳಿ ಎಂತ ಪ್ರಯೋಜನ ಶೈಲಾ? ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳಿ" ಎಂದರು. ಇಂಚರಳಿಗೆಂದು ಬಾಕ್ಸು ಕೊಟ್ಟರು. ಟ್ಯಾಕ್ಸಿಯವರೆಗೂ ಬಂದರು. ನಾನು ಕೂತ ಮೇಲೆ ಕಾರಿನ ಮೇಲ್ಭಾಗವನ್ನು ಎರಡು ಸಲ ತಟ್ಟಿ, ಮೆಲ್ಲಗೆ, "ರೈಟ್, ಪೋಯಿ" ಎಂದರು. ಡ್ರೈವರಿಗೆ ಏನು ಅರ್ಥವಾಯಿತೋ, ಕಾರು ಹೊರಟಿತು.

ಸಿಡ್ನಿಗೆ ಬಂದು ಎರಡು ವಾರ ತಳ್ಳಿದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ. ನಾನು ನೋಡಿದ್ದೇನು, ತಿಳಿದದ್ದೇನು, ನಿಜ ಏನು, ಪತ್ರದ ವಿಷಯ, ಎರಡು ಕಪ್ ಚಹಾದ ವಿಷಯ. ಉದ್ದವಾಯಿತು. ಕಳಿಸಿ ಕೈ ಹಿಸುಕುತ್ತಾ ಕೂತೆ. ಹಳಬರು ಅರ್ಧಕ್ಕರ್ಧ ಗ್ರೂಪ್ ಬಿಟ್ಟಿದ್ದರು. ಇದ್ದವರಲ್ಲಿ ಇಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬಳು, "ಅಯ್ಯೋ ಬಿಡೇ, ಹಳೇದು" ಎಂದಳು. ಆಮೇಲೆ ಗುರುತಿಲ್ಲದ ಹೊಸ ಹೆಸರೊಂದು ಬರೆಯಿತು: "ಹಾಯ್, ಪೂರ್ತಿ ಓದೋಕಾಗ್ಲಿಲ್ಲ, ಸಾರಿ. ಈ ಆಂಟಿ ಮಕ್ಕಳನ್ನ ತುಂಬಾ ಚೆನ್ನಾಗಿ ನೋಡ್ಕೋತಾರಾ? ನಂಬರ್ ಕಳಿಸ್ತೀರಾ ಪ್ಲೀಸ್? ವಾರವೆಲ್ಲ ಮಳೆ ಅಂತೆ, ಹಾಲಿಡೇಸ್ ಬೇರೆ. ಮನೇಲಿ ಹಿಡಿಯೋಕಾಗ್ತಿಲ್ಲ."

"ಅವರು ಈಗ ಸಿಡ್ನಿಯಲ್ಲಿ ಇಲ್ಲ" ಎಂದು ಬರೆದೆ.

"ಛೆ! ಯಾಕೆ ಹೋದ್ರು?"

ಹೊರಗೆ ಹನಿ ಬೀಳಲು ಶುರುವಾಗಿತ್ತು. ಇಂಚರ ಹಿಂಬಾಗಿಲಿನ ಜಾಲರಿ ಸರಿಸಿ, ಬಲಗೈಯನ್ನು ಮೊಣಕೈವರೆಗೆ ಹೊರಗೆ ಚಾಚಿ, ಕಣ್ಣು ಮುಚ್ಚಿ ನಿಂತಿದ್ದಳು. "ಫೈವ್ ಗೇಮ್ಸ್, ಅಮ್ಮಾ" ಎಂದಳು, ಒಳಗೆ ತಿರುಗಿ. ಆಡಿಸುವವರು ಯಾರು ಎಂದು ಅವಳು ಕೇಳಲಿಲ್ಲ. ನಾನು ಫೋನಿನ ಕಡೆ ನೋಡಿ, "ನಾನೇ ಓಡಿಸಿದ್ದು" ಎಂದು ಬರೆದು ಕಳಿಸಿದೆ.